ಶಿವಾಜಿನಗರಕ್ಕೆ ಬರುವ ಕಡಲ ಬೆಳೆ

ಜೂನ್ ಹುಟ್ಟಿತೆಂದರೆ ಶಿವಾಜಿನಗರದ ರಸೆಲ್ ಮಾರ್ಕೆಟ್‌ನಲ್ಲಿ ಮಂಗಳೂರು, ಮಲ್ಪೆ ಕಡೆಯ ಮೀನು ಕಡಿಮೆಯಾಗಿ ಬೆಲೆ ಏರುತ್ತದೆ. ಬಂಗುಡೆ, ಬೂತಾಯಿ ಕೊಳ್ಳುತ್ತಿದ್ದವರು ದರ ಕೇಳಿ ಮುಂದಿನ ಅಂಗಡಿಗೆ ಹೋಗುತ್ತಾರೆ, ಅಲ್ಲೂ ಅದೇ ದರ. ಕಾರಣ ಎಲ್ಲರಿಗೂ ಗೊತ್ತಿರುವುದೇ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ, ಅದಕ್ಕೇ ನಿಷೇಧ ಎಂದು ಹೇಳಿ ಮಾತು ಮುಗಿಸುತ್ತೇವೆ. ಆದರೆ ಮೀನು ಆ ಕಾಲವನ್ನೇ ಏಕೆ ಆರಿಸಿಕೊಂಡಿತು? ಕಡಲು ಅಷ್ಟೊಂದು ಕೆರಳಿ ನಿಂತ, ದೋಣಿ ಮಗುಚುವ ತಿಂಗಳುಗಳಲ್ಲಿ ಮೊಟ್ಟೆಯೊಡೆದು ಬಂದ ಮರಿಗೆ ತಿನ್ನಲು ಏನು ಸಿಗುತ್ತದೆ?

ಸಿಗುವುದು ಆ ವರ್ಷದ ಅತಿ ದೊಡ್ಡ ಬೆಳೆ. ನಾವು ಕೊಡೆ ಹಿಡಿದು ಕಮರ್ಷಿಯಲ್ ಸ್ಟ್ರೀಟ್ ದಾಟುತ್ತಿರುವ ಹೊತ್ತಿಗೆ, ಮುನ್ನೂರೈವತ್ತು ಕಿಲೋಮೀಟರ್ ಆಚೆ ಅರಬ್ಬಿ ಸಮುದ್ರದ ಅಂಚಿನಲ್ಲಿ ಕಣ್ಣಿಗೆ ಕಾಣದ ಸಸ್ಯಗಳು ಕೋಟಿಗಟ್ಟಲೆ ಮೊಳೆಯುತ್ತಿರುತ್ತವೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮಾರುಕಟ್ಟೆ ತುಂಬುವುದು ಈ ಬೆಳೆಯನ್ನು ಮೇದು ಬೆಳೆದ ಮೀನಿನಿಂದ.

ಈ ಸಸ್ಯಗಳಿಗೆ ಬೇರಿಲ್ಲ, ಕಾಂಡವಿಲ್ಲ, ಬಹುತೇಕ ಎಲ್ಲವೂ ಒಂದೇ ಜೀವಕೋಶದವು. ನೀರು ಎತ್ತ ಒಯ್ದರೆ ಅತ್ತ ತೇಲುವ ಇವನ್ನು ಸಸ್ಯಪ್ಲವಕ ಎನ್ನುತ್ತಾರೆ. ಪತ್ರಹರಿತ್ತು ಇರುವುದರಿಂದ ನಮ್ಮ ಹೊಲದ ರಾಗಿ ಪೈರು ಮಾಡುವ ಕೆಲಸವನ್ನೇ ಇವೂ ಮಾಡುತ್ತವೆ: ಬಿಸಿಲು, ಇಂಗಾಲದ ಡೈಆಕ್ಸೈಡ್, ನೀರು ಸೇರಿಸಿ ಆಹಾರ ಕಟ್ಟುತ್ತವೆ, ಆಮ್ಲಜನಕ ಬಿಡುತ್ತವೆ. ಭೂಮಿಯ ಮೇಲೆ ಪ್ರತಿವರ್ಷ ಹೀಗೆ ಕಟ್ಟಲಾಗುವ ಇಂಗಾಲ ಸುಮಾರು 10,500 ಕೋಟಿ ಟನ್. ಅದರಲ್ಲಿ ಹತ್ತಿರ ಹತ್ತಿರ ಅರ್ಧ ಸಮುದ್ರದ್ದು. ಬೆರಗಾಗಬೇಕಾದ ಮಾತು ಮುಂದಿದೆ. ಜಗತ್ತಿನ ಒಟ್ಟು ಸಸ್ಯರಾಶಿಯನ್ನು ತೂಗಿದರೆ ಸಮುದ್ರದ ಪಾಲು ಶೇಕಡಾ ಒಂದರಷ್ಟೂ ಬರುವುದು ಕಷ್ಟ. ಇಷ್ಟು ಸಣ್ಣ ಗುಂಪು ಅಷ್ಟು ದೊಡ್ಡ ದುಡಿಮೆ ಮಾಡುವುದು ಹೇಗೆಂದರೆ, ಇವು ಹುಟ್ಟಿ, ಎರಡಾಗಿ, ತಿನ್ನಿಸಿಕೊಂಡು ಮುಗಿಯುವುದು ಕೆಲವೇ ದಿನಗಳಲ್ಲಿ. ಕಾಡಿನ ಮರ ನೂರು ವರ್ಷ ನಿಂತು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಕಡಲಿನಲ್ಲಿ ಕೂಡಿಡುವುದೆಂಬುದೇ ಇಲ್ಲ. ಬೆಳೆದದ್ದು ಅದೇ ವಾರ ಯಾರದೋ ಹೊಟ್ಟೆ ಸೇರುತ್ತದೆ.

ಮೊದಲು ಬಾಯಿ ಹಾಕುವುದು ಪ್ರಾಣಿಪ್ಲವಕಗಳು. ಅಕ್ಕಿಕಾಳಿಗಿಂತ ಸಣ್ಣ ಕೋಪೆಪಾಡ್‌ಗಳು, ಸಿಗಡಿ–ಏಡಿಗಳ ಎಳೆಮರಿಗಳು, ಮೀನಿನ ಮರಿಗಳು. ಇವುಗಳಲ್ಲಿ ಹಲವು ಹಗಲಿಡೀ ಆಳದ ಕತ್ತಲಲ್ಲಿ ಅಡಗಿದ್ದು ರಾತ್ರಿ ಮೇಲೆ ಬಂದು ಮೇದು ಬೆಳಗಾಗುವಷ್ಟರಲ್ಲಿ ಇಳಿದುಹೋಗುತ್ತವೆ. ಇವನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣದನ್ನು ದೊಡ್ಡದು ತಿನ್ನುತ್ತದೆ. ಶಾಲೆಯ ಪುಸ್ತಕ ಇದನ್ನು ಸರಪಳಿ ಎಂದು ಬರೆಯುತ್ತದೆ. ನಿಜದಲ್ಲಿ ಅದು ಅಡ್ಡಾದಿಡ್ಡಿ ಹೆಣೆದ ಜಾಲ. ಯಾರ ಬಾಯಿಗೂ ಸಿಗದೆ ಸತ್ತ ಪ್ಲವಕವನ್ನು, ನೀರಿಗೆ ಸೋರಿದ ಜೀವರಸವನ್ನು ಬ್ಯಾಕ್ಟೀರಿಯಾ ಹಿಡಿದು ಮತ್ತೆ ಅದೇ ಜಾಲಕ್ಕೆ ಸೇರಿಸುತ್ತವೆ.

ಹಾಗಾದರೆ ಕಡಲೆಲ್ಲ ಒಂದೇ ಸಮ ಫಲವತ್ತೇ? ಖಂಡಿತ ಇಲ್ಲ. ಪ್ಲವಕಕ್ಕೆ ಬೆಳಕು ಬೇಕು, ಬೆಳಕು ಇರುವುದು ಮೇಲಿನ ನೂರು, ಹೆಚ್ಚೆಂದರೆ ಇನ್ನೂರು ಮೀಟರ್‌ನಲ್ಲಿ. ಕರಾವಳಿಯ ಕಲಕು ನೀರಿನಲ್ಲಿ ಇನ್ನೂ ಕಡಿಮೆ. ಗೊಬ್ಬರವೂ ಬೇಕು: ನೈಟ್ರೇಟ್, ಫಾಸ್ಫೇಟ್, ಡಯಾಟಮ್ ಎಂಬ ಬಗೆಯ ಸಸ್ಯಪ್ಲವಕಗಳಿಗೆ ಗಾಜಿನಂಥ ಚಿಪ್ಪು ಕಟ್ಟಿಕೊಳ್ಳಲು ಸಿಲಿಕಾ. ಸತ್ತದ್ದೆಲ್ಲ ಕೆಳಗೆ ಮುಳುಗಿ ಅಲ್ಲೇ ಕೊಳೆಯುವುದರಿಂದ ಗೊಬ್ಬರ ಕೂಡಿರುವುದು ಕತ್ತಲ ಆಳದಲ್ಲಿ. ಬಿಸಿಲಿರುವಲ್ಲಿ ಗೊಬ್ಬರವಿಲ್ಲ, ಗೊಬ್ಬರವಿರುವಲ್ಲಿ ಬಿಸಿಲಿಲ್ಲ. ಮೇಲಿನ ಬಿಸಿ ನೀರು ಹಗುರ, ಕೆಳಗಿನ ತಣ್ಣೀರು ಭಾರ. ಎರಡೂ ತಾವಾಗಿ ಬೆರೆಯುವುದಿಲ್ಲ. ಪ್ರವಾಸದ ಚಿತ್ರಗಳಲ್ಲಿ ನಾವು ಮೆಚ್ಚುವ ಆ ಕಡುನೀಲಿ, ಕನ್ನಡಿಯಂಥ ಸಮುದ್ರ ಜೀವದ ಲೆಕ್ಕದಲ್ಲಿ ಬಹುಮಟ್ಟಿಗೆ ಮರುಭೂಮಿ. ಮಳೆಗಾಲದ ಮಲ್ಪೆಯ ಮಂಕು ಹಸಿರು ನೀರು ಅನ್ನದ ಬಟ್ಟಲು.

ಕೆಳಗಿನದನ್ನು ಮೇಲೆ ತರುವವರು ಯಾರು? ನಮ್ಮ ಕರಾವಳಿಯಲ್ಲಿ ಆ ಕೆಲಸ ಮುಂಗಾರಿನದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿ ಭಾರತದ ಪಶ್ಚಿಮ ದಡದುದ್ದಕ್ಕೂ ಬೀಸುತ್ತದೆ. ಭೂಮಿ ತಿರುಗುತ್ತಿರುವುದರಿಂದ, ಉತ್ತರಾರ್ಧಗೋಳದಲ್ಲಿ ಗಾಳಿ ತಳ್ಳಿದ ನೀರು ಗಾಳಿಯ ಬಲಕ್ಕೆ ಸರಿಯುತ್ತದೆ. ಇಲ್ಲಿ ಬಲವೆಂದರೆ ದಡದಿಂದ ಆಚೆಗೆ. ಮೇಲ್ಪದರದ ನೀರು ಹೀಗೆ ದೂರ ಸರಿದಾಗ ಖಾಲಿಯಾದ ಜಾಗಕ್ಕೆ ಆಳದ ತಣ್ಣೀರು ಗೊಬ್ಬರ ಸಮೇತ ಏರಿ ಬರುತ್ತದೆ. ಕನ್ಯಾಕುಮಾರಿ, ಕೇರಳದ ತುದಿಯಲ್ಲಿ ಮೊದಲು ಕಾಣಿಸಿಕೊಂಡು ನಿಧಾನವಾಗಿ ಉತ್ತರಕ್ಕೆ ಹಬ್ಬಿ ಕಾಸರಗೋಡು, ಮಂಗಳೂರು, ಕಾರವಾರದ ನೀರನ್ನೂ ಇದು ಮುಟ್ಟುತ್ತದೆ. ಘಟ್ಟದ ಮೇಲೆ ಮಳೆ ಸುರಿಸಿ ನಮ್ಮ ಕಾವೇರಿಯನ್ನು ತುಂಬಿಸುವ ಗಾಳಿಯೇ ಘಟ್ಟದ ಕೆಳಗಿನ ಕಡಲಿಗೆ ಗೊಬ್ಬರ ಹಾಕುತ್ತದೆ ಎಂಬುದನ್ನು ಘಟ್ಟದ ಮೇಲಿನ ನಾವು ಅಷ್ಟಾಗಿ ಯೋಚಿಸುವುದಿಲ್ಲ.

ಕರಾವಳಿಯ ನಾಡದೋಣಿ ಮೀನುಗಾರರು ಇದನ್ನು ತಮ್ಮದೇ ರೀತಿಯಲ್ಲಿ ಬಲ್ಲರು. ಮಳೆಗಾಲದ ಆರಂಭದಲ್ಲಿ ‘ತೂಫಾನ್’ ಏಳಲಿ ಎಂದು ಅವರು ಕಾಯುತ್ತಾರೆ. ಕಡಲು ಒಮ್ಮೆ ತಳದವರೆಗೆ ಕಲಕಿ ಹೋಗದಿದ್ದರೆ ದಡದ ಬಳಿ ಮೀನು ಬರುವುದಿಲ್ಲ ಎಂಬುದು ಅವರ ಅನುಭವ. ಮಳೆ ಬಂತು, ತೂಫಾನ್ ಆಗಲಿಲ್ಲ ಎಂದರೆ ಅವರ ಪಾಲಿಗೆ ಆ ವರ್ಷದ ಮಳೆಗಾಲ ಅರೆಹೊಟ್ಟೆ. ಕಡಲ ವಿಜ್ಞಾನಿ ಉಷ್ಣತೆ, ನೈಟ್ರೇಟ್ ಅಳೆದು ಹೇಳುವುದಕ್ಕೂ ಇದಕ್ಕೂ ಜಗಳವಿಲ್ಲ. ಕಲಕಿದ ನೀರೇ ಉಣಿಸುವ ನೀರು.

ಈಗ ಬೂತಾಯಿಯ ವಿಷಯಕ್ಕೆ ಬರೋಣ. ಶಿವಾಜಿನಗರದ ಮಲಯಾಳಿ ಗಿರಾಕಿಗಳಿಗೆ ಮತ್ತಿ, ಕಾರವಾರದವರಿಗೆ ತಾರ್ಲೆ. ಕೊಬ್ಬು ತುಂಬಿದ, ಮುಳ್ಳು ಹೆಚ್ಚಿರುವ, ಸಾಮಾನ್ಯವಾಗಿ ಕಟ್ಟೆಯ ಮೇಲಿನ ಅಗ್ಗದ ಮೀನುಗಳಲ್ಲೊಂದು. ದೊಡ್ಡ ಹೋಟೆಲಿನ ಪಟ್ಟಿಯಲ್ಲಿ ಇದಕ್ಕೆ ಜಾಗ ಅಪರೂಪ. ನನ್ನ ಕಣ್ಣಿಗೆ ಮಾತ್ರ ಇದು ಆ ಮಾರುಕಟ್ಟೆಯ ಅತ್ಯಂತ ಕುತೂಹಲದ ಜೀವಿ. ಏಕೆಂದರೆ ಇದು ಕಿವಿರಿನ ಸಣ್ಣ ಬಾಚಣಿಗೆಯಿಂದ ನೀರನ್ನು ಸೋಸಿ ಸಸ್ಯಪ್ಲವಕವನ್ನೇ ನೇರವಾಗಿ ತಿನ್ನಬಲ್ಲದು. ಜೊತೆಗೆ ಪ್ರಾಣಿಪ್ಲವಕವನ್ನೂ ತಿನ್ನುತ್ತದೆ. ದಕ್ಷಿಣ ಕನ್ನಡ ಮದರಾಸು ಆಡಳಿತದಲ್ಲಿದ್ದ ಕಾಲದಲ್ಲಿ ಮದರಾಸು ಮೀನುಗಾರಿಕೆ ಇಲಾಖೆಯ ಜೇಮ್ಸ್ ಹಾರ್ನೆಲ್ ಈ ಮೀನಿನ ಹೊಟ್ಟೆ ಸೀಳಿ ನೋಡಿದವರಲ್ಲಿ ಮೊದಲಿಗರು. 1920ರ ದಶಕದಲ್ಲಿ ನಾಯುಡು ಅವರೊಡನೆ ಬೂತಾಯಿಯ ಬದುಕನ್ನೂ ಮಲಬಾರು ತೀರದ ಪ್ಲವಕಗಳನ್ನೂ ಒಟ್ಟಿಗೆ ವಿವರಿಸಿದರು. 1955ರಲ್ಲಿ ಬೆಂಗಳೂರಿನ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ನಾಯರ್ ಮತ್ತು ಸುಬ್ರಹ್ಮಣ್ಯನ್ ಒಂದು ಪುಟ್ಟ ಟಿಪ್ಪಣಿ ಬರೆದರು: ಫ್ರಾಜಿಲೇರಿಯ ಓಷಿಯಾನಿಕ ಎಂಬ ಡಯಾಟಮ್ ಹೆಚ್ಚಿದರೆ ಬೂತಾಯಿಯೂ ಹೆಚ್ಚುತ್ತದೆ, ಆದ್ದರಿಂದ ಒಂದನ್ನು ನೋಡಿ ಇನ್ನೊಂದನ್ನು ಊಹಿಸಬಹುದು. ಮೀನು ಹುಡುಕಲು ಮೀನಿನ ಊಟವನ್ನು ಹುಡುಕಬೇಕು ಎಂಬ ಈ ತಿಳಿವು ಮುಂದೆ ಉಪಗ್ರಹದವರೆಗೂ ಹೋಯಿತು.

ನೇರವಾಗಿ ತಿನ್ನುವುದಕ್ಕೆ ಏಕಿಷ್ಟು ಮಹತ್ವ? ಆಹಾರ ಜಾಲದಲ್ಲಿ ಒಂದು ಮೆಟ್ಟಿಲು ಏರಿದಾಗಲೆಲ್ಲ ಸುಮಾರು ಹತ್ತರಲ್ಲಿ ಒಂದು ಪಾಲು ಮಾತ್ರ ಮೈಗೂಡುತ್ತದೆ. ಉಳಿದದ್ದು ಈಜುವುದಕ್ಕೆ, ಉಸಿರಾಡುವುದಕ್ಕೆ ಖರ್ಚಾಗುತ್ತದೆ, ಇಲ್ಲವೇ ಮಲವಾಗಿ ಹೋಗುತ್ತದೆ. ಒಂದು ಕಿಲೋ ಬೂತಾಯಿ ಪ್ಲವಕವನ್ನೇ ತಿಂದು ಬೆಳೆದದ್ದಾದರೆ ಅದರ ಹಿಂದೆ ಹತ್ತು ಕಿಲೋದಷ್ಟು ಸಸ್ಯಪ್ಲವಕ. ಬೂತಾಯಿಯನ್ನು ತಿನ್ನುವ ದೊಡ್ಡ ಮೀನು ಅಂಜಲ್‌ನ ಒಂದು ಕಿಲೋ ಹಿಂದೆ ನೂರು ಕಿಲೋ. ನಡುವೆ ಇನ್ನೊಂದು ಮೆಟ್ಟಿಲು ಸೇರಿದರೆ ಸಾವಿರ. ಇದು ಒರಟು ಲೆಕ್ಕವೇ, ಆದರೂ ದಿಕ್ಕು ಸರಿಯಿದೆ. ಅಮೆರಿಕದ ಜಾನ್ ರೈಥರ್ 1969ರಲ್ಲಿ ಇದೇ ತರ್ಕವನ್ನು ಜಗತ್ತಿನ ಸಾಗರಗಳಿಗೆಲ್ಲ ಹಚ್ಚಿ ನೋಡಿದರು. ಆಳದ ನೀರು ಮೇಲೇರುವ ಪ್ರದೇಶಗಳು ಸಾಗರದ ಸಾವಿರದಲ್ಲೊಂದು ಭಾಗದಷ್ಟೇ ಇದ್ದರೂ ಮೀನಿನ ಉತ್ಪಾದನೆಯ ಸುಮಾರು ಅರ್ಧ ಅಲ್ಲಿಂದಲೇ ಬರುತ್ತದೆ ಎಂದು ಅಂದಾಜಿಸಿದರು. ಅಲ್ಲಿ ಗೊಬ್ಬರ ಹೆಚ್ಚು, ಮೆಟ್ಟಿಲುಗಳು ಕಡಿಮೆ. ಪೆರುವಿನ ತೀರ ಅದಕ್ಕೆ ದೊಡ್ಡ ಉದಾಹರಣೆ, ನಮ್ಮ ಮುಂಗಾರು ತೀರವೂ ಆ ಕುಟುಂಬದ್ದೇ.

ಬೆಂಗಳೂರು ಎರಡು ಸಮುದ್ರಗಳ ನಡುವಿನ ಊರು. ಹಲಸೂರಿನಿಂದ ಹೊರಟ ಹಳೆ ಮದರಾಸು ರಸ್ತೆ ಇಂದಿರಾನಗರದ ಅಂಚಿನಲ್ಲಿ ಸಾಗಿ, ಕೆ.ಆರ್.ಪುರ ದಾಟಿ ಬಂಗಾಳ ಕೊಲ್ಲಿಯ ದಿಕ್ಕಿಗೆ ಹೋಗುತ್ತದೆ. ಪೂರ್ವ ಕರಾವಳಿಯ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ. ಹಾಗಾಗಿ ಪಶ್ಚಿಮ ಮುಚ್ಚಿದ ಹದಿನೈದು ದಿನದೊಳಗೆ ಪೂರ್ವ ತೆರೆಯುತ್ತದೆ. ಎರಡೂ ಕಡಲು ಒಂದೇ ಅಕ್ಷಾಂಶದಲ್ಲಿವೆ, ಒಂದೇ ಸೂರ್ಯ, ಒಂದೇ ಮುಂಗಾರು. ಆದರೂ ಪ್ಲವಕದ ಬೆಳೆಯಲ್ಲಿ ಅರಬ್ಬಿ ಸಮುದ್ರ ಬಲುಮುಂದು. ಗಂಗಾ, ಬ್ರಹ್ಮಪುತ್ರ, ಐರಾವತಿ, ಗೋದಾವರಿಗಳು ತರುವ ಸಿಹಿನೀರು ಕೊಲ್ಲಿಯ ಉಪ್ಪುನೀರಿನ ಮೇಲೆ ಸಾರಿನ ಮೇಲಿನ ಎಣ್ಣೆಯಂತೆ ಹಗುರಾಗಿ ಹರಡಿಕೊಳ್ಳುತ್ತದೆ. ಆ ಪದರವನ್ನು ಕಲಕಿ ಕೆಳಗಿನ ಗೊಬ್ಬರವನ್ನು ಎತ್ತುವಷ್ಟು ಶಕ್ತಿ ಅಲ್ಲಿನ ಗಾಳಿಗೆ ಸಾಲದು. ಇತ್ತ ಅರಬ್ಬಿ ಸಮುದ್ರದಲ್ಲಿ ಮುಂಗಾರಿನ ಬಿರುಗಾಳಿ ಸೊಮಾಲಿಯಾ, ಒಮಾನ್ ತೀರಗಳಲ್ಲೂ ಆಳದ ನೀರನ್ನು ಎಳೆದು ತರುತ್ತದೆ. ಚಳಿಗಾಲದಲ್ಲಿ ಉತ್ತರದ ಒಣ ತಂಪು ಗಾಳಿ ಮೇಲ್ಪದರವನ್ನು ತಣಿಸಿ ಮುಳುಗಿಸಿ ಇನ್ನೊಮ್ಮೆ ಉಳುತ್ತದೆ. ಅರಬ್ಬಿ ಸಮುದ್ರಕ್ಕೆ ವರ್ಷಕ್ಕೆ ಎರಡು ಬೆಳೆ.

ಇಷ್ಟು ದೊಡ್ಡ ಹೊಲದ ಬೆಳೆಯನ್ನು ಅಳೆಯುವುದು ಸುಲಭವಿರಲಿಲ್ಲ. 1952ರಲ್ಲಿ ಡೆನ್ಮಾರ್ಕಿನ ಸ್ಟೀಮನ್ ನೀಲ್ಸನ್, ವಿಕಿರಣಶೀಲ ಇಂಗಾಲ–14ನ್ನು ಸೀಸೆಯ ಸಮುದ್ರದ ನೀರಿಗೆ ಸೇರಿಸಿ ಪ್ಲವಕ ಎಷ್ಟು ಹೀರಿತು ಎಂದು ಎಣಿಸುವ ದಾರಿ ತೋರಿಸಿದರು. ಆದರೆ ಹಡಗು ಹೋದಲ್ಲಷ್ಟೇ ಸೀಸೆ ಹೋಗುತ್ತದೆ. ನಮ್ಮ ಸಾಗರದ ಮೊದಲ ದೊಡ್ಡ ಅಧ್ಯಯನ, 1960ರ ದಶಕದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಯಾನ, ಹಡಗುಗಳನ್ನೇ ನಂಬಿತ್ತು. ಅದರ ಬೆನ್ನಿಗೆ 1966ರ ಜನವರಿ 1ರಂದು ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಹುಟ್ಟಿತು, ಗೋವಾದಲ್ಲಿ ನೆಲೆಯಾಯಿತು.

ಇಲ್ಲಿಂದ ಕಥೆ ಮತ್ತೆ ನಮ್ಮ ಪೂರ್ವ ಬೆಂಗಳೂರಿಗೆ ಬರುತ್ತದೆ. ಇಂದಿರಾನಗರದಿಂದ ಸ್ವಲ್ಪ ದೂರದಲ್ಲಿ, ಹಳೆ ವಿಮಾನ ನಿಲ್ದಾಣ ರಸ್ತೆಯ ವಿಮಾನಪುರದಲ್ಲಿ, ಇಸ್ರೋದ ಉಪಗ್ರಹ ಕೇಂದ್ರವಿದೆ. 2018ರಿಂದ ಅದಕ್ಕೆ ಯು.ಆರ್. ರಾವ್ ಅವರ ಹೆಸರು. ಕಡಲನ್ನು, ಮುಖ್ಯವಾಗಿ ಅದರ ಬಣ್ಣವನ್ನು, ನೋಡಲೆಂದೇ ದೇಶ ಕಟ್ಟಿದ ಮೊದಲ ಉಪಗ್ರಹ ಓಷನ್‌ಸ್ಯಾಟ್–1 ಅನ್ನು 1999ರ ಮೇ 26ರಂದು ಪಿಎಸ್‌ಎಲ್‌ವಿ ರಾಕೆಟ್ 720 ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ಅದರ ಕ್ಯಾಮೆರಾ ಅಹಮದಾಬಾದಿನದು. ಒಂದೇ ನೋಟದಲ್ಲಿ 1,420 ಕಿಲೋಮೀಟರ್ ಅಗಲದ ಪಟ್ಟಿಯನ್ನು ಅದು ಕಾಣುತ್ತಿತ್ತು, ಎರಡು ದಿನಕ್ಕೊಮ್ಮೆ ಅದೇ ಜಾಗಕ್ಕೆ ಮರಳುತ್ತಿತ್ತು. 2009ರಲ್ಲಿ ಎರಡನೆಯದು, 2022ರ ನವೆಂಬರ್ 26ರಂದು ಮೂರನೆಯದು ಹೋದವು. ಕೆಲಸದ ತತ್ವ ಸರಳ. ಪತ್ರಹರಿತ್ತು ನೀಲಿ ಬೆಳಕನ್ನು ಹೀರಿ ಹಸಿರನ್ನು ಬಹುಪಾಲು ಬಿಟ್ಟುಕೊಡುತ್ತದೆ. ನೀರಿನಿಂದ ಹೊರಟ ನೀಲಿ ಮತ್ತು ಹಸಿರು ಬೆಳಕಿನ ಪ್ರಮಾಣವನ್ನು ಹೋಲಿಸಿದರೆ ಎಷ್ಟು ಪ್ಲವಕವಿದೆ ಎಂದು ತಿಳಿಯುತ್ತದೆ. ಕಷ್ಟವಿರುವುದು ಬೇರೆ ಕಡೆ. ಉಪಗ್ರಹಕ್ಕೆ ತಲುಪುವ ಬೆಳಕಿನ ಹತ್ತರಲ್ಲಿ ಒಂಬತ್ತು ಪಾಲು ಗಾಳಿ, ದೂಳು, ತೇವಾಂಶ ಚದುರಿಸಿದ್ದು. ಅದನ್ನೆಲ್ಲ ಕಳೆದು ಉಳಿದ ಚೂರಿನಲ್ಲಿ ಕಡಲನ್ನು ಓದಬೇಕು.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈ ಬಣ್ಣವನ್ನೂ ನೀರಿನ ಮೇಲ್ಮೈ ಉಷ್ಣತೆಯನ್ನೂ ಜೋಡಿಸಿ, ಮೀನು ಸಿಗಬಹುದಾದ ತಾಣ ಎಲ್ಲಿದೆ, ಬಂದರಿನಿಂದ ಎಷ್ಟು ದೂರ ಎಂದು ಕನ್ನಡವೂ ಸೇರಿದಂತೆ ಕರಾವಳಿಯ ಭಾಷೆಗಳಲ್ಲಿ ತಿಳಿಸುತ್ತದೆ. ಡೀಸೆಲ್ ಉಳಿಸುವ ಮಾಹಿತಿ ಅದು. ಆದರೆ ಒಂದು ಕೊರತೆ ಮಾತ್ರ ತಂತ್ರಜ್ಞಾನದ ಕೈಮೀರಿದ್ದು. ಕಡಲಿನಲ್ಲಿ ದೊಡ್ಡ ಬೆಳೆ ನಿಂತಿರುವ ಜೂನ್–ಆಗಸ್ಟ್‌ನಲ್ಲೇ ಮೇಲೆ ಮೋಡ ಮುಚ್ಚಿರುತ್ತದೆ. ಬೆಳಕಿನ ಕ್ಯಾಮೆರಾ ಮೋಡದಾಚೆ ನೋಡಲಾರದು. ವರ್ಷದ ಮುಖ್ಯ ಅಧ್ಯಾಯವನ್ನು ಇಂದಿಗೂ ಹಡಗಿನಿಂದ, ತೇಲುಬುರುಡೆಯಿಂದ, ಬಲೆಗೆ ಬಿದ್ದ ಮೀನಿನ ಹೊಟ್ಟೆಯಿಂದ ಓದಬೇಕಾಗಿದೆ.

ಪ್ಲವಕವನ್ನು ನೋಡಲು ಸಮುದ್ರಕ್ಕೇ ಹೋಗಬೇಕೆಂದಿಲ್ಲ, ಹಲಸೂರು ಕೆರೆ ಸಾಕು. 1927ರಲ್ಲಿ, ರಸೆಲ್ ಮಾರ್ಕೆಟ್ ಕಟ್ಟಿದ ವರ್ಷವೇ, ನಾರ್ವೆಯ ಗಾರ್ಡರ್ ಮತ್ತು ಗ್ರಾನ್ ಎರಡು ಸೀಸೆಗಳ ಒಂದು ವಿಧಾನ ಪ್ರಕಟಿಸಿದರು. ಒಂದೇ ನೀರನ್ನು ಪಾರದರ್ಶಕ ಸೀಸೆಯಲ್ಲೂ ಕಪ್ಪು ಸೀಸೆಯಲ್ಲೂ ತುಂಬಿ ಇಳಿಬಿಟ್ಟು, ಸಂಜೆ ಎರಡರ ಆಮ್ಲಜನಕ ಅಳೆಯುವುದು. ಬೆಳಕು ಕಂಡದ್ದರಲ್ಲಿ ಉತ್ಪಾದನೆ ಮತ್ತು ಉಸಿರಾಟ ಎರಡೂ ನಡೆದಿರುತ್ತವೆ, ಕಪ್ಪಿನಲ್ಲಿ ಬರೀ ಉಸಿರಾಟ. ವ್ಯತ್ಯಾಸವೇ ಒಟ್ಟು ಉತ್ಪಾದನೆ. ಹಲಸೂರಿನ ಯಾವ ಶಾಲೆಯ ಮಕ್ಕಳೂ ಶಿಕ್ಷಕರ ಜೊತೆ ನಿಂತು ಇದನ್ನು ಮಾಡಬಹುದು, ಮಾಡಬೇಕು ಕೂಡ.

ಏಕೆಂದರೆ ಆ ಕೆರೆ ಒಂದು ಕಹಿ ಪಾಠವನ್ನೂ ಕಲಿಸಿದೆ. 2016ರ ಮಾರ್ಚ್‌ನಲ್ಲಿ ಅಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ನೀರಿನಲ್ಲಿ ಆಮ್ಲಜನಕ ಕುಸಿದಿತ್ತು, ಕೊಳಚೆ ಸೇರುತ್ತಿದ್ದುದರತ್ತ ಬೊಟ್ಟು ಮಾಡಲಾಯಿತು. ಕೊಳಚೆಯೂ ಗೊಬ್ಬರವೇ. ಅದು ಅತಿಯಾದರೆ ಪಾಚಿ, ಪ್ಲವಕ ದಟ್ಟವಾಗಿ ಬೆಳೆಯುತ್ತವೆ. ಹಗಲು ಆಮ್ಲಜನಕ ಬಿಡುವ ಅವೇ ರಾತ್ರಿ ಅದನ್ನು ಎಳೆದುಕೊಳ್ಳುತ್ತವೆ. ಸತ್ತು ಕೊಳೆಯುವಾಗ ಬ್ಯಾಕ್ಟೀರಿಯಾ ಉಳಿದದ್ದನ್ನೂ ಮುಗಿಸುತ್ತವೆ. ಬೇಸಿಗೆಯ ಬೆಚ್ಚಗಿನ ನೀರು ಮೊದಲೇ ಕಡಿಮೆ ಆಮ್ಲಜನಕ ಹಿಡಿದಿಡುತ್ತದೆ. ಇಂಥ ಕೆರೆಗಳಲ್ಲಿ ಮೀನಿಗೆ ಅತಿ ಅಪಾಯದ ಹೊತ್ತು ಬೆಳಗಿನ ಜಾವ. ಉತ್ಪಾದನೆ ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಳ್ಳುವುದು ತಪ್ಪು. ಬೆಳೆದದ್ದನ್ನು ತಿನ್ನುವವರಿರಬೇಕು, ನೀರು ಹರಿಯುತ್ತಿರಬೇಕು.

ಅರಬ್ಬಿ ಸಮುದ್ರದಲ್ಲೂ ಈ ಸಮಸ್ಯೆ ದೊಡ್ಡ ಅಳತೆಯಲ್ಲಿದೆ. ಸುಮಾರು 150 ಮೀಟರ್‌ನಿಂದ 1,000 ಮೀಟರ್ ಆಳದವರೆಗೆ ಅಲ್ಲಿ ಆಮ್ಲಜನಕ ತೀರಾ ಕಡಿಮೆಯಿರುವ ಬೃಹತ್ ಪದರವಿದೆ. ಮೇಲಿಂದ ಉದುರುವ ಅಪಾರ ಪ್ಲವಕ ಕೊಳೆಯುವುದೂ, ಉತ್ತರಕ್ಕೆ ನೆಲ ಮುಚ್ಚಿರುವುದರಿಂದ ಹೊಸ ನೀರು ಸಾಕಷ್ಟು ಬರದಿರುವುದೂ ಕಾರಣ. ಮುಂಗಾರಿನ ಕೊನೆಯಲ್ಲಿ ಈ ಬಡ ನೀರು ನಮ್ಮ ತೀರದ ತಳಕ್ಕೂ ಏರಿ ಬರುತ್ತದೆ. ಉತ್ತರ ಅರಬ್ಬಿ ಸಮುದ್ರದ ಚಳಿಗಾಲದ ಬೆಳೆಯಲ್ಲಿ ಡಯಾಟಮ್‌ಗಳ ಜಾಗವನ್ನು ನಾಕ್ಟಿಲೂಕ ಎಂಬ ದೊಡ್ಡ ಪ್ಲವಕ ಹಿಡಿಯುತ್ತಿದೆ ಎಂದು 2014ರ ಒಂದು ಅಧ್ಯಯನ ತೋರಿಸಿತು. ಆಮ್ಲಜನಕ ಕಡಿಮೆಯಿದ್ದರೂ ಅದು ತಾಳಿಕೊಳ್ಳುತ್ತದೆ. ಅದನ್ನು ಇಷ್ಟಪಟ್ಟು ತಿನ್ನುವುದು ಲೋಳೆಮೈಯ ಪ್ರಾಣಿಗಳೇ ಹೊರತು ನಮ್ಮ ಮೀನಲ್ಲ. 2020ರ ನವೆಂಬರ್‌ನಲ್ಲಿ ಮಲ್ಪೆ ಸುತ್ತಿನ ಕಡಲತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದಾಗ ಜನ ಮುಗಿಬಿದ್ದು ನೋಡಿದರಲ್ಲ, ಆ ಬೆಳಕಿಗೂ ಕಾರಣ ನಾಕ್ಟಿಲೂಕ ಎಂದೇ ಹೇಳಲಾಯಿತು. ನೋಟ ಚೆಂದ, ಸುದ್ದಿ ಅಷ್ಟು ಚೆಂದದ್ದಲ್ಲ.

ಇದರ ಮೇಲೆ ಕಡಲು ಬಿಸಿಯಾಗುತ್ತಿದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಆರು ದಶಕಗಳಲ್ಲಿ ಸಸ್ಯಪ್ಲವಕ ಶೇಕಡಾ 20ರವರೆಗೆ ಕುಗ್ಗಿದೆ. ಮೇಲ್ಪದರ ಬಿಸಿಯಾದಷ್ಟೂ ಹಗುರಾಗಿ, ಕೆಳಗಿನ ಗೊಬ್ಬರ ಮೇಲೆ ಬರುವ ದಾರಿ ಮುಚ್ಚುತ್ತದೆ. ಕೊಲ್ಲಿಯಲ್ಲಿ ಸಿಹಿನೀರು ಮಾಡುವ ಕೆಲಸವನ್ನು ಇಲ್ಲಿ ಬಿಸಿ ಮಾಡುತ್ತಿದೆ. ಬೂತಾಯಿಯ ಏರಿಳಿತ ಹಳೆಯದೇ, 1994ರಲ್ಲೂ ಅದು ನೆಲಕಚ್ಚಿತ್ತು. ಆದರೆ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕ ಮೀನು 2021ರಲ್ಲಿ 3,297 ಟನ್‌ಗೆ ಇಳಿದದ್ದನ್ನು ಮಾಮೂಲಿ ಏರಿಳಿತ ಎಂದು ತಳ್ಳಿಹಾಕಲಾಗದು. ಗಾಳಿ, ಬಿಸಿ, ಎಲ್ ನಿನೊ ಎಲ್ಲ ಸೇರಿವೆ, ನಮ್ಮ ಬಲೆಯೂ ಸೇರಿದೆ. 1970ರ ದಶಕದ ಮಧ್ಯದಲ್ಲಿ ಕರ್ನಾಟಕಕ್ಕೆ ಪರ್ಸೀನ್ ದೋಣಿ ಬಂದು, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಹಿಂದೆ ಸರಿದ ಮೇಲೆ, ಇಡೀ ಹಿಂಡನ್ನು ಒಂದೇ ಸುತ್ತಿನಲ್ಲಿ ಬಳಿಯುವುದು ಸಾಧ್ಯವಾಯಿತು.

ಬಳಿದದ್ದೆಲ್ಲ ಊಟಕ್ಕೆ ಬರುವುದೂ ಇಲ್ಲ. ಬೂತಾಯಿಯ ದೊಡ್ಡ ಪಾಲು ಕರಾವಳಿಯ ಮೀನುಹುಡಿ, ಮೀನೆಣ್ಣೆ ಕಾರ್ಖಾನೆಗಳಿಗೆ ಹೋಗಿ ಸಾಕಣೆ ಸಿಗಡಿಗೂ ಕೋಳಿಗೂ ಮೇವಾಗುತ್ತದೆ. ಪ್ಲವಕಕ್ಕೆ ಅತಿ ಹತ್ತಿರದ, ಬಡವರ ಕೈಗೆಟುಕುವ, ಪೌಷ್ಟಿಕವಾದ ಮೀನನ್ನು ಪುಡಿ ಮಾಡಿ ಮತ್ತೊಂದು ಮೆಟ್ಟಿಲು ಮೇಲಕ್ಕೆ ಹತ್ತಿಸುವುದು ನನ್ನ ದೃಷ್ಟಿಯಲ್ಲಿ ಶುದ್ಧ ದುಂದು. ಅದರಲ್ಲೂ ಮರಿಗಳನ್ನು ಪುಡಿ ಮಾಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ. ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್ ತಲುಪುವ ಮುನ್ನ ಹಿಡಿಯಬಾರದೆಂದು ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಹೇಳುತ್ತಾ ಬಂದಿದೆ.

ಶಿವಾಜಿನಗರದಲ್ಲೋ ಕೆ.ಆರ್.ಪುರದ ಸಂತೆಯಲ್ಲೋ ಮೀನು ಕೊಳ್ಳುವವರು ಈ ಎರಡು ಅಳತೆಗಳನ್ನು ನೆನಪಿಟ್ಟುಕೊಳ್ಳಿ. ಅಂಗೈ ಅಗಲಕ್ಕಿಂತ ಸ್ವಲ್ಪವೇ ಉದ್ದವಿದ್ದರೆ ಸುಮಾರು 10 ಸೆಂಟಿಮೀಟರ್. ಅದಕ್ಕಿಂತ ಸಣ್ಣ ಬೂತಾಯಿ ಕಟ್ಟೆಯ ಮೇಲೆ ಕಂಡರೆ ಕೊಳ್ಳಬೇಡಿ, ಏಕೆ ಬೇಡವೆಂದು ಮಾರುವವರಿಗೆ ಹೇಳಿ. ಜೂನ್, ಜುಲೈನಲ್ಲಿ ಬೆಲೆ ಏರಿದರೆ ಎರಡು ತಿಂಗಳು ತಾಳಿಕೊಳ್ಳಿ. ಅಕ್ಟೋಬರ್‌ನಲ್ಲಿ ಬೆಳೆದ, ಕೊಬ್ಬಿದ ಬೂತಾಯಿ ಬಂದಾಗ ಅಂಜಲ್‌ನ ಬದಲು ಅದನ್ನೇ ಕೇಳಿ ತನ್ನಿ.